ಮಾನವಶಾಸ್ತ್ರದ ಎಂ.ಎ.: ಎಷ್ಟು ಜನರನ್ನು ಮಾತನಾಡಿಸಬೇಕು, ಯಾರ ಒಪ್ಪಿಗೆ ಪಡೆಯಬೇಕು?

ಮಾನವಶಾಸ್ತ್ರವನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದುವ, ಅದರ ಸಂಶೋಧನಾ ವಿಧಾನಗಳನ್ನು ಉದ್ಯೋಗಕ್ಕೆ ಒದಗುವಂತೆ ಕಲಿಯುವ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಬಿ.ಎ.ಯಲ್ಲಿ ಇತಿಹಾಸ, ಸಮಾಜಶಾಸ್ತ್ರ ಓದಿದ್ದೇನೆ. ಮಾನವಶಾಸ್ತ್ರದಲ್ಲಿ ಎಂ.ಎ. ಮಾಡುವ ಆಸೆ. ಕರ್ನಾಟಕದಲ್ಲಿ ಎಲ್ಲಿದೆ? ಸಮಾಜಶಾಸ್ತ್ರಕ್ಕಿಂತ ಇದು ಹೇಗೆ ಬೇರೆ? — ಓದುಗ, ಹೊಸಪೇಟೆ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಮೈಸೂರು ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ವಿಭಾಗಗಳಿವೆ. ನಿಮ್ಮ ಊರಿಗೆ ಹತ್ತಿರವೇ ಇರುವ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗವಿದೆ. ಕನ್ನಡದಲ್ಲಿಯೇ ಸಂಶೋಧನೆ ಮಾಡಬೇಕೆನ್ನುವವರು ಅದನ್ನು ಮರೆಯಬಾರದು. ಹೊರರಾಜ್ಯಕ್ಕೆ ಹೋಗಲು ಸಿದ್ಧರಿದ್ದರೆ ಹೈದರಾಬಾದ್, ಪುದುಚೇರಿ, ಚೆನ್ನೈ, ದೆಹಲಿ ಇವೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ ಪರೀಕ್ಷೆ ಬರೆಯಬೇಕಾಗುತ್ತದೆ.

ವ್ಯತ್ಯಾಸದ ಬಗ್ಗೆ ಒಂದು ಎಚ್ಚರಿಕೆ. ಭಾರತದಲ್ಲಿ ಮಾನವಶಾಸ್ತ್ರದ ಪಠ್ಯಕ್ರಮದಲ್ಲಿ ದೈಹಿಕ ಮಾನವಶಾಸ್ತ್ರಕ್ಕೆ ದೊಡ್ಡ ಪಾಲಿದೆ. ತಲೆಬುರುಡೆಯ ಅಳತೆ, ರಕ್ತದ ಗುಂಪು, ತಳಿವಿಜ್ಞಾನ, ಪ್ರಾಗೈತಿಹಾಸಿಕ ಕಲ್ಲಿನ ಉಪಕರಣಗಳು ಎಲ್ಲವೂ ಬರುತ್ತವೆ. ಕಲಾ ವಿಭಾಗದಿಂದ ಬಂದವರು ಮೊದಲ ಸೆಮಿಸ್ಟರಿನಲ್ಲಿ ಬೆಚ್ಚಿಬೀಳುವುದು ಇಲ್ಲಿಯೇ. ಸಾಮಾಜಿಕ ಭಾಗದಲ್ಲಿ ಮಾತ್ರ ಎರಡು ಶಾಸ್ತ್ರಗಳ ನಡುವಿನ ಗೋಡೆ ತೆಳು. ಮೈಸೂರಿನ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡಿನಲ್ಲಿ ಕಲಿತದ್ದು ಮಾನವಶಾಸ್ತ್ರ; ಮರಳಿ ಬಂದು ಬರೋಡ ಮತ್ತು ದೆಹಲಿಯಲ್ಲಿ ಕಟ್ಟಿದ್ದು ಸಮಾಜಶಾಸ್ತ್ರ ವಿಭಾಗಗಳನ್ನು.

ವಿಭಾಗವನ್ನು ಆರಿಸುವಾಗ ರ‍್ಯಾಂಕಿಂಗ್ ಪಟ್ಟಿ ನೋಡಿ ಪ್ರಯೋಜನವಿಲ್ಲ. ಈಗ ಎರಡನೆಯ ವರ್ಷದಲ್ಲಿರುವವರನ್ನು ಹಿಡಿದು ಕೇಳಿ: ಕ್ಷೇತ್ರಕಾರ್ಯಕ್ಕೆ ಹೋದಾಗ ಊರಿನಲ್ಲಿ ರಾತ್ರಿ ಉಳಿಯುತ್ತೀರಾ, ಅಧ್ಯಾಪಕರು ಜೊತೆಯಲ್ಲಿರುತ್ತಾರಾ, ನಿಮ್ಮ ಟಿಪ್ಪಣಿ ಪುಸ್ತಕವನ್ನು ಯಾರಾದರೂ ಓದಿ ತಿದ್ದಿದ್ದಾರಾ? ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಹಿಂದಿರುಗುವುದನ್ನು ಪ್ರವಾಸ ಎನ್ನುತ್ತಾರೆ. ಮೂರನೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದರೆ ಉಳಿದ ಕೊರತೆಗಳನ್ನು ಸಹಿಸಿಕೊಳ್ಳಬಹುದು. ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಎಷ್ಟೇ ಅಂಕ ಬಂದರೂ, ಬರೆದ ಟಿಪ್ಪಣಿಯನ್ನು ಇನ್ನೊಬ್ಬರು ಓದಿ ‘ಇದು ನೀನು ಕಂಡದ್ದೋ, ಊಹಿಸಿದ್ದೋ?’ ಎಂದು ಕೇಳುವವರೆಗೆ ಈ ವಿದ್ಯೆ ಕೈಗೆ ಹತ್ತುವುದಿಲ್ಲ.

ಪ್ರಶ್ನೆ: ಕಾಫಿ ತೋಟದ ಕಾರ್ಮಿಕರ ಸಾಲದ ಬಗ್ಗೆ ಎಂ.ಎ. ಕಿರುಪ್ರಬಂಧ ಬರೆಯುತ್ತಿದ್ದೇನೆ. ಮಾರ್ಗದರ್ಶಕರು ಇನ್ನೂರು ಪ್ರಶ್ನಾವಳಿ ತುಂಬಿಸಿಕೊಂಡು ಬಾ ಎನ್ನುತ್ತಾರೆ. ಲೈನ್ ಮನೆಗಳಲ್ಲಿ ಹದಿನಾಲ್ಕು ಜನರೊಡನೆ ಕುಳಿತು ಮಾತನಾಡಿದಾಗಲೇ ನನಗೆ ಹೆಚ್ಚು ತಿಳಿಯಿತು. ಹದಿನಾಲ್ಕು ಸಾಲದೇ? ಟಿಪ್ಪಣಿ ಹೇಗೆ ಬರೆಯಬೇಕು? — ವಿದ್ಯಾರ್ಥಿನಿ, ಚಿಕ್ಕಮಗಳೂರು

ಇನ್ನೂರು ಈಗ ಬೇಡ. ಹದಿನಾಲ್ಕು ಸಾಲದು.

ಪ್ರಶ್ನಾವಳಿ ಎಣಿಸುವ ಸಾಧನ. ಏನನ್ನು ಎಣಿಸಬೇಕು ಎಂಬುದು ಮೊದಲೇ ಗೊತ್ತಿರುವವರಿಗೆ ಅದು ಉಪಯುಕ್ತ. ‘ನೀವು ಸಾಲ ಪಡೆದಿದ್ದೀರಾ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದ ಹೆಂಗಸು ತೋಟದಿಂದ ಮುಂಗಡ ಪಡೆದಿರಬಹುದು, ಅಂಗಡಿಯಲ್ಲಿ ಲೆಕ್ಕ ಬರೆಸಿರಬಹುದು, ಸ್ವಸಹಾಯ ಸಂಘದ ಕಂತು ಕಟ್ಟುತ್ತಿರಬಹುದು. ಅವರ ಲೆಕ್ಕದಲ್ಲಿ ಇವು ಯಾವುವೂ ಸಾಲವಲ್ಲದಿರಬಹುದು. ಆದ್ದರಿಂದ ಮೊದಲು ಪಟ್ಟಿ ಮಾಡಿಸಿ. ‘ಕೈಯಲ್ಲಿ ದುಡ್ಡಿಲ್ಲದಾಗ ಎಲ್ಲೆಲ್ಲಿಂದ ತರುತ್ತೀರಿ?’ ಎಂದು ಒಬ್ಬೊಬ್ಬರನ್ನೂ ಕೇಳಿ, ಹೇಳಿದ ಕ್ರಮದಲ್ಲಿಯೇ ಬರೆದುಕೊಳ್ಳಿ. ಹೆಚ್ಚು ಜನ ಹೇಳಿದ, ಮೊದಮೊದಲು ಹೇಳಿದ ಬಾಬತ್ತುಗಳು ಅವರ ಬದುಕಿನಲ್ಲಿ ಮುಖ್ಯವಾದವು. ಆಮೇಲೆ ಆ ಹೆಸರುಗಳನ್ನು ಚೀಟಿಗಳಲ್ಲಿ ಬರೆದು (ಓದು ಬಾರದವರಿಗೆ ಚಿತ್ರ ಬರೆದು) ‘ಒಂದೇ ತರಹದವನ್ನು ಒಟ್ಟಿಗೆ ಇಡಿ’ ಎನ್ನಿ. ಯಾವುದನ್ನು ಯಾವುದರ ಜೊತೆ ಇಡುತ್ತಾರೆ, ಏಕೆ ಇಡುತ್ತಾರೆ ಎಂಬ ಮಾತುಕತೆಯಲ್ಲಿಯೇ ನಿಮ್ಮ ಪ್ರಬಂಧದ ಅರ್ಧ ಇದೆ.

ಸಂಖ್ಯೆಯ ವಿಷಯಕ್ಕೆ ಬರೋಣ. ಘಾನಾ ಮತ್ತು ನೈಜೀರಿಯಾದ ಮಹಿಳೆಯರ ಅರವತ್ತು ಸಂದರ್ಶನಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಮೊದಲ ಹನ್ನೆರಡರಲ್ಲಿಯೇ ಬಹುಪಾಲು ಸಂಗತಿಗಳು ಬಂದುಬಿಟ್ಟಿದ್ದವು ಎಂದು ಅದು ತೋರಿಸಿತು. ಅಂದಿನಿಂದ ‘ಹನ್ನೆರಡು ಸಾಕು’ ಎಂಬುದು ಮಂತ್ರವಾಗಿಬಿಟ್ಟಿದೆ. ಆ ಹನ್ನೆರಡು ಜನ ಹೆಚ್ಚುಕಡಿಮೆ ಒಂದೇ ಬಗೆಯವರಾಗಿದ್ದರು, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ ಕೇಳಲಾಗಿತ್ತು ಎಂಬುದನ್ನು ಜನ ಮರೆಯುತ್ತಾರೆ. ನಿಮ್ಮ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಇದ್ದಾನೆ, ಮೇಸ್ತ್ರಿ ಇದ್ದಾನೆ, ತಲೆಮಾರಿನಿಂದ ಅಲ್ಲೇ ಇರುವ ಹೆಂಗಸರಿದ್ದಾರೆ, ಕೊಯ್ಲಿಗೆಂದು ಅಸ್ಸಾಂ ಕಡೆಯಿಂದ ಬಂದವರಿದ್ದರೆ ಅವರೂ ಸೇರುತ್ತಾರೆ. ಹದಿನಾಲ್ಕನ್ನು ಇವರೆಲ್ಲರಿಗೆ ಹಂಚಿದರೆ ಒಂದೊಂದು ಗುಂಪಿಗೆ ಮೂರೋ ನಾಲ್ಕೋ ಜನ. ಪ್ರತಿ ಗುಂಪಿನಲ್ಲಿಯೂ ಹೊಸ ಸಂಗತಿ ಬರುವುದು ನಿಲ್ಲುವವರೆಗೆ ಮುಂದುವರಿಸಿ. ಆಮೇಲೆ, ಕಾರ್ಮಿಕರೇ ಬಳಸುವ ಮಾತಿನಲ್ಲಿ, ಒಂದು ಪುಟದ ಪ್ರಶ್ನಾವಳಿ ಮಾಡಿಕೊಂಡು ಎಣಿಸಲು ಹೋಗಿ. ಯಾರನ್ನು ಕೇಳಬೇಕೆಂದು ತೋಟದ ಹಾಜರಿ ಪುಸ್ತಕದಿಂದ ಆರಿಸುವುದಾದರೆ, ಏಜೆಂಟರ ಮೂಲಕ ಬಂದವರ ಹೆಸರು ಅದರಲ್ಲಿ ಇದೆಯೇ ಎಂದು ಮೊದಲು ನೋಡಿ. ಈ ಕ್ರಮವನ್ನು ಬರೆದು ತೋರಿಸಿದರೆ ಯಾವ ಮಾರ್ಗದರ್ಶಕರೂ ಬೇಡ ಎನ್ನಲಾರರು. ಅವರಿಗೆ ಬೇಕಾದ ಅಂಕಿಅಂಶ ಅದರಲ್ಲಿಯೂ ಇದೆಯಲ್ಲ.

ಹಳೆಯದೆಂದು ಬಿಟ್ಟುಬಿಡಬಾರದ ಇನ್ನೊಂದು ವಿಧಾನ ವಂಶಾವಳಿ. ಬ್ರಿಟಿಷ್ ಮಾನವಶಾಸ್ತ್ರಜ್ಞ ಡಬ್ಲ್ಯು.ಎಚ್.ಆರ್. ರಿವರ್ಸ್ 1898ರಲ್ಲಿ ಆಸ್ಟ್ರೇಲಿಯಾದ ಉತ್ತರಕ್ಕಿರುವ ಟಾರಸ್ ಜಲಸಂಧಿಯ ದ್ವೀಪಗಳಲ್ಲಿ ರೂಪಿಸಿ, ಮೂರು ನಾಲ್ಕು ವರ್ಷಗಳ ನಂತರ ನೀಲಗಿರಿಯ ತೋಡರ ನಡುವೆ ಬಳಸಿದ್ದು ಅದನ್ನೇ. ಒಂದು ಮನೆಯವರ ಮೂರು ತಲೆಮಾರನ್ನು ಹಾಳೆಯ ಮೇಲೆ ಇಳಿಸಿದರೆ, ಯಾರು ಯಾರ ಮೂಲಕ ತೋಟಕ್ಕೆ ಬಂದರು, ಯಾವ ಮದುವೆಗೆ ಯಾರು ಮುಂಗಡ ಪಡೆದರು ಎಂಬುದೆಲ್ಲ ಕೇಳದೆಯೇ ಹೊರಬರುತ್ತದೆ.

ಇನ್ನು ಟಿಪ್ಪಣಿ. ಹಗಲಿನಲ್ಲಿ ಚಿಕ್ಕ ಪುಸ್ತಕದಲ್ಲಿ ಗುರುತು ಮಾತ್ರ ಮಾಡಿಕೊಳ್ಳಿ. ಅದೇ ರಾತ್ರಿ ಪೂರ್ತಿ ಬರೆಯಿರಿ; ನಿದ್ದೆ ಮಾಡಿ ಎದ್ದರೆ ನೆನಪು ತನಗೆ ಬೇಕಾದಂತೆ ಕಥೆ ಕಟ್ಟಿಕೊಂಡಿರುತ್ತದೆ. ‘ಮೇಸ್ತ್ರಿ ದರ್ಪದಿಂದ ಮಾತನಾಡಿದ’ ಎಂಬುದು ಟಿಪ್ಪಣಿಯಲ್ಲ, ತೀರ್ಪು. ‘ಮೇಸ್ತ್ರಿ ಕುಳಿತೇ ಇದ್ದ, ಮೂವರು ಹೆಂಗಸರು ನಿಂತಿದ್ದರು, ಹಿರಿಯಳನ್ನು ಹೆಸರು ಹಿಡಿಯದೆ ಏಯ್ ಎಂದು ಕರೆದ, ಆಕೆ ತಿರುಗಿ ನೋಡದೆ ಉತ್ತರಿಸಿದಳು’ ಎಂಬುದು ಟಿಪ್ಪಣಿ. ತೀರ್ಪನ್ನು ಬರೆಯಬಾರದೆಂದಲ್ಲ, ಎದುರಿನ ಪುಟದಲ್ಲಿ ಬರೆಯಿರಿ. ಅವರಾಡಿದ ಮಾತನ್ನು ಅವರ ಮಾತಿನಲ್ಲಿಯೇ ಇಡಿ, ಗ್ರಾಂಥಿಕ ಕನ್ನಡಕ್ಕೆ ತಿದ್ದಬೇಡಿ. ಧ್ವನಿಮುದ್ರಣವನ್ನು ನಂಬಿ ಟಿಪ್ಪಣಿ ಬಿಡುವವರಿದ್ದಾರೆ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕು ಗಂಟೆಯಾದರೂ ಬೇಕು. ಇಲಾನ್ ಎಂಬ ಉಚಿತ ತಂತ್ರಾಂಶ ಆ ಕೆಲಸವನ್ನು ಸ್ವಲ್ಪ ಹಗುರಗೊಳಿಸುತ್ತದೆ, ಅಷ್ಟೇ.

ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಿ. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಹದಿನೆಂಟು ವರ್ಷ ಪರಿಷ್ಕರಿಸಿ, ಮೂರು ಪ್ರತಿ ಮಾಡಿದ್ದರು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡಿನ ಅವರ ಅಧ್ಯಯನ ಕೊಠಡಿಯಿದ್ದ ಕಟ್ಟಡಕ್ಕೆ ಯಾರೋ ಬೆಂಕಿ ಇಟ್ಟಾಗ ಮೂರೂ ಅಲ್ಲೇ ಇದ್ದವು. ನೆನಪಿನ ಬಲದಿಂದಲೇ ಅವರು ದೊಡ್ಡ ಪುಸ್ತಕ ಬರೆದದ್ದು ನಿಜ. ಆದರೆ ಎಂ.ಎ. ವಿದ್ಯಾರ್ಥಿಗಳು ಆ ಧೈರ್ಯಕ್ಕೆ ಹೋಗಬಾರದು.

ಪ್ರಶ್ನೆ: ಹೆಗ್ಗಡದೇವನಕೋಟೆ ಕಡೆಯ ಜೇನುಕುರುಬರ ಹಾಡಿಯಲ್ಲಿ ಗಿಡಮೂಲಿಕೆಗಳ ಬಳಕೆ ಕುರಿತು ಅಧ್ಯಯನ ಮಾಡುತ್ತಿದ್ದೇನೆ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಲು ಯಾರೂ ಸಿದ್ಧರಿಲ್ಲ, ಮಾತನಾಡಲು ಮಾತ್ರ ತಕರಾರಿಲ್ಲ. ಯಜಮಾನರು ಒಪ್ಪಿದ್ದಾರೆ. ಅಷ್ಟು ಸಾಲದೇ? — ಸಂಶೋಧನಾ ವಿದ್ಯಾರ್ಥಿ, ಮೈಸೂರು

ಅವರು ಹಿಂಜರಿಯುವುದಕ್ಕೆ ಕಾರಣವಿದೆ. ಕಾಡಿನಿಂದ ಒಕ್ಕಲೆಬ್ಬಿಸಿದ ನೆನಪು ಆ ಹಾಡಿಗಳಲ್ಲಿ ಇನ್ನೂ ಹಸಿಯಾಗಿದೆ. ಹೊರಗಿನವರು ತಂದ ಕಾಗದ, ಅದರ ಮೇಲೆ ಹೆಬ್ಬೆಟ್ಟು ಎಂದರೆ ಅವರಿಗೆ ನಿಮ್ಮ ವಿಶ್ವವಿದ್ಯಾಲಯ ಕಾಣುವುದಿಲ್ಲ. ಒತ್ತಾಯಿಸಬೇಡಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಆರೋಗ್ಯಕ್ಕೆ ಸಂಬಂಧಿಸಿದ ಸಾಮಾಜಿಕ ಸಂಶೋಧನೆಗೂ ಅನ್ವಯಿಸುತ್ತದೆ. ನೈತಿಕ ಸಮಿತಿಯ ಅನುಮತಿ ಇದ್ದರೆ, ತಟಸ್ಥ ಸಾಕ್ಷಿಯ ಎದುರಿನಲ್ಲಿ ಮೌಖಿಕ ಒಪ್ಪಿಗೆ ಪಡೆಯಲು ಅದು ಅವಕಾಶ ಕೊಡುತ್ತದೆ. ನಿಮ್ಮ ಸಮಿತಿಗೆ ಪರಿಸ್ಥಿತಿ ವಿವರಿಸಿ ತಿದ್ದುಪಡಿ ಕೇಳಿ. ಯಜಮಾನರ ಒಪ್ಪಿಗೆ ಹಾಡಿಯೊಳಗೆ ಕಾಲಿಡಲು ಬೇಕೇ ಬೇಕು; ಆದರೆ ಒಬ್ಬೊಬ್ಬರ ಒಪ್ಪಿಗೆಗೆ ಅದು ಬದಲಿಯಲ್ಲ. ಅವರು ಕರೆದುಕೊಂಡು ಹೋದ ಮನೆಯಲ್ಲಿ ‘ಬೇಡ’ ಎನ್ನಲು ಸೊಸೆಗೆ ಬಾಯಿ ಬಂದೀತೇ? ಆಕೆಯನ್ನು ಬೇರೆಯಾಗಿ, ಇನ್ನೊಂದು ದಿನ ಕೇಳಿ.

ಯಾವುದಕ್ಕೆ ಒಪ್ಪಿಗೆ ಎಂಬುದು ಇನ್ನೂ ಮುಖ್ಯ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಹವಾಸುಪಾಯ್ ಜನ 1990ರ ಸುಮಾರಿಗೆ ಮಧುಮೇಹದ ಅಧ್ಯಯನಕ್ಕೆಂದು ರಕ್ತ ಕೊಟ್ಟರು. ಅದೇ ರಕ್ತವನ್ನು ಮಾನಸಿಕ ಕಾಯಿಲೆಯ ಅಧ್ಯಯನಕ್ಕೂ ಅವರ ಪೂರ್ವಿಕರು ಎಲ್ಲಿಂದ ವಲಸೆ ಬಂದರು ಎಂಬ ಅಧ್ಯಯನಕ್ಕೂ ಬಳಸಲಾಯಿತು. ವ್ಯಾಜ್ಯ ನಡೆದು, 2010ರಲ್ಲಿ ಅರಿಜೋನಾದ ವಿಶ್ವವಿದ್ಯಾಲಯ ಆಡಳಿತ ಮಂಡಳಿ ಏಳು ಲಕ್ಷ ಡಾಲರ್ ಕೊಟ್ಟು ರಕ್ತದ ಮಾದರಿಗಳನ್ನು ಹಿಂದಿರುಗಿಸಿತು. ನಿಮ್ಮ ವಿಷಯದಲ್ಲಿ ರಕ್ತದ ಜಾಗದಲ್ಲಿ ಬೇರು, ತೊಗಟೆ ಇವೆ. ಯಾವ ಗಿಡ ಯಾವ ಕಾಯಿಲೆಗೆ ಎಂದು ಪ್ರಬಂಧದಲ್ಲಿ ಅಚ್ಚಾದರೆ ಔಷಧ ಕಂಪನಿಯೂ ಅದನ್ನು ಓದಬಹುದು. 2006ರ ಅರಣ್ಯ ಹಕ್ಕು ಕಾಯ್ದೆ ಸಾಂಪ್ರದಾಯಿಕ ಜ್ಞಾನದ ಮೇಲೆ ಸಮುದಾಯಕ್ಕೆ ಹಕ್ಕು ಕೊಟ್ಟಿದೆ. ಯಾವ ಗಿಡದ ಹೆಸರು ಅಚ್ಚಾಗಬೇಕು, ಯಾವುದು ಬೇಡ ಎಂಬುದನ್ನು ಹಾಡಿಯವರೇ ನಿರ್ಧರಿಸಲಿ. ಹಾಡಿಗೆ ಸುಳ್ಳು ಹೆಸರು ಕೊಟ್ಟರೆ ಆಯಿತು ಎಂದುಕೊಳ್ಳಬೇಡಿ. ಶ್ರೀನಿವಾಸ್ ತಮ್ಮ ಹಳ್ಳಿಗೆ ‘ರಾಮಪುರ’ ಎಂದು ಹೆಸರಿಟ್ಟರು. ಅದು ಕೊಡಗಳ್ಳಿ ಎಂಬುದು ಈಗ ಗುಟ್ಟಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕಾದ ಜಾಗವಾದರೆ ಅದನ್ನು ಬೇರೆಯಾಗಿಯೇ ಪಡೆಯಬೇಕು.

ಪ್ರಶ್ನೆ: ಸಾಫ್ಟ್‌ವೇರ್ ಪರೀಕ್ಷಕಿಯಾಗಿದ್ದೇನೆ, ವಯಸ್ಸು ಮೂವತ್ತೊಂದು. ತಂತ್ರಾಂಶವನ್ನು ಜನ ಹೇಗೆ ಬಳಸುತ್ತಾರೆಂದು ನೋಡುವ ಬಳಕೆದಾರರ ಅಧ್ಯಯನದ ಕಡೆಗೆ ಹೋಗಬೇಕೆಂದಿದೆ. ಕೆಲಸ ಬಿಡದೆ ಮಾನವಶಾಸ್ತ್ರ ಓದಬಹುದೇ? ಬೇರೆ ಉದ್ಯೋಗಗಳೇನಿವೆ? — ಓದುಗಳು, ಬೆಂಗಳೂರು

ಇಗ್ನೊದಲ್ಲಿ ದೂರಶಿಕ್ಷಣದ ಮೂಲಕ ಮಾನವಶಾಸ್ತ್ರ ಎಂ.ಎ. ಇದೆ. ಪದವಿ ಅದರಿಂದ ಬರುತ್ತದೆ, ಕೈಚಳಕ ಬರುವುದಿಲ್ಲ. ಬಳಕೆದಾರರ ಅಧ್ಯಯನದ ಕೆಲಸಕ್ಕೆ ಸಂದರ್ಶಿಸುವವರು ನೀವು ಮಾಡಿದ ಒಂದು ಅಧ್ಯಯನವನ್ನು ತೋರಿಸಿ ಎನ್ನುತ್ತಾರೆ. ಮೊಬೈಲ್‌ನಲ್ಲಿ ಹಣ ಪಡೆಯುವ ತರಕಾರಿ ವ್ಯಾಪಾರಿಗಳ ಪಕ್ಕದಲ್ಲಿ ಕೆಲವು ವಾರಾಂತ್ಯ ಕುಳಿತು, ಮೇಲೆ ಹೇಳಿದ ರೀತಿಯಲ್ಲಿ ಟಿಪ್ಪಣಿ ಬರೆದು, ಹತ್ತು ಪುಟದ ವರದಿ ಮಾಡಿ. ಪದವಿ ಪತ್ರಕ್ಕಿಂತ ಅದು ಮೊದಲು ಕೆಲಸಕ್ಕೆ ಬರುತ್ತದೆ.

ಉಳಿದಂತೆ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ವಲಯ ಕೇಂದ್ರ ಮೈಸೂರಿನಲ್ಲಿದೆ. ಸಂಶೋಧನೆಗೆ ಹೋಗುವವರಿಗೆ ಯುಜಿಸಿಯ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) 2023ರಿಂದ ತಿಂಗಳಿಗೆ 37,000 ರೂಪಾಯಿ. ರಾಜ್ಯದಲ್ಲಿ ಆಗಾಗ ಸುದ್ದಿಯಾಗುವ ಇನ್ನೊಂದು ಕೆಲಸ ಕುಲಶಾಸ್ತ್ರೀಯ ಅಧ್ಯಯನ, ಅಂದರೆ ಒಂದು ಸಮುದಾಯದ ಬದುಕು, ಆಚರಣೆಗಳನ್ನು ದಾಖಲಿಸುವುದು. ಕಾಡುಗೊಲ್ಲರು, ಕುರುಬರು ಮುಂತಾದವರು ಪರಿಶಿಷ್ಟ ಪಂಗಡಕ್ಕೆ ಸೇರಬೇಕೆಂದು ಕೇಳಿದಾಗ ಸರ್ಕಾರ ಮಾಡಿಸುವುದು ಇದನ್ನೇ. ವರದಿ ರಾಜ್ಯದ ಶಿಫಾರಸಿನೊಂದಿಗೆ ದೆಹಲಿಗೆ ಹೋಗಿ, ಜನಗಣತಿ ನಡೆಸುವ ಕಚೇರಿಯ ಮುಖ್ಯಸ್ಥರಾದ ರಿಜಿಸ್ಟ್ರಾರ್ ಜನರಲ್ ಅವರನ್ನು ದಾಟಬೇಕು. ಅಲ್ಲಿ ಇಂದಿಗೂ ಬಳಸುವುದು 1965ರ ಲೋಕೂರ್ ಸಮಿತಿಯ ಮಾನದಂಡಗಳನ್ನು: ಆದಿಮ ಲಕ್ಷಣ, ಹೊರಗಿನವರೊಡನೆ ಬೆರೆಯಲು ಸಂಕೋಚ ಇತ್ಯಾದಿ. ಈ ಮಾತುಗಳನ್ನು ಯಾವ ಮಾನವಶಾಸ್ತ್ರಜ್ಞರೂ ಇಂದು ತಾವಾಗಿ ಬಳಸಲಾರರು, ಬಳಸದಿದ್ದರೆ ಕಡತ ಮುಂದೆ ಹೋಗುವುದಿಲ್ಲ. ಜೊತೆಗೆ, ಫಲಿತಾಂಶ ಹೀಗೇ ಬರಬೇಕೆಂಬ ನಿರೀಕ್ಷೆ ಮೊದಲ ದಿನದಿಂದಲೇ ಬೆನ್ನಿಗಿರುತ್ತದೆ. ಆ ಕೆಲಸ ಸಿಕ್ಕರೆ ಮೂಲ ಟಿಪ್ಪಣಿಗಳನ್ನು ಜೋಪಾನವಾಗಿಡಿ. ಪ್ರಶ್ನೆ ಬಂದಾಗ ನಿಮ್ಮ ಪರವಾಗಿ ನಿಲ್ಲುವುದು ಅವು ಮಾತ್ರ.

ಪ್ರಶ್ನೆ: ಬ್ರಿಟನ್ನಿನಲ್ಲಿ ಒಂದು ವರ್ಷದ ಸಂಶೋಧನಾ ವಿಧಾನಗಳ ಸ್ನಾತಕೋತ್ತರ ಪದವಿಗೆ ಸಾಲ ಮಾಡಿ ಹೋಗಬಹುದೇ? — ಓದುಗ, ಹುಬ್ಬಳ್ಳಿ

ಪಿಎಚ್.ಡಿ. ಮಾಡುವುದು ಖಚಿತವಾಗಿದ್ದರೆ, ಶುಲ್ಕಕ್ಕೆ ವಿದ್ಯಾರ್ಥಿವೇತನ ಸಿಕ್ಕಿದರೆ ಹೋಗಿ. ಆ ಪದವಿ ಇರುವುದೇ ಪಿಎಚ್.ಡಿ.ಗೆ ಅಣಿಮಾಡಲು, ಒಂದು ವರ್ಷದಲ್ಲಿ ಕ್ಷೇತ್ರಕಾರ್ಯಕ್ಕೆ ಸಿಗುವುದು ಬೇಸಿಗೆಯ ಕೆಲವು ವಾರ. ಬರಿಯ ಉದ್ಯೋಗಕ್ಕಾಗಿ ಸಾಲ ಮಾಡುವುದು ಬೇಡ. ಅಮೆರಿಕದಲ್ಲಿ ಎಂ.ಎ. ಇಲ್ಲದೆಯೂ ನೇರವಾಗಿ ಪಿಎಚ್.ಡಿ.ಗೆ ಸೇರಬಹುದು, ಅನೇಕ ಕಡೆ ಶುಲ್ಕ ಮನ್ನಾ ಮಾಡಿ ಮಾಸಿಕ ವೇತನವನ್ನೂ ಕೊಡುತ್ತಾರೆ. ಅಲ್ಲಿಗೂ ಅರ್ಜಿ ಹಾಕಿ ನೋಡಿ.

ಅರ್ಜಿ ಬರೆಯುವಾಗ ನಿಮ್ಮ ಭಾಷೆಯನ್ನು ಅಡಗಿಸಿಡಬೇಡಿ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಲ್ಲಿ ಮ್ಯಾಂಚೆಸ್ಟರಿನಿಂದ ಬಂದು ಮಂಡ್ಯದ ಎರಡು ಹಳ್ಳಿಗಳಲ್ಲಿ, ನಾಲೆಯ ನೀರು ಬಂದ ಊರು ಮತ್ತು ಬಾರದ ಊರುಗಳಲ್ಲಿ, ಆದ ಬದಲಾವಣೆಯನ್ನು ಹೋಲಿಸಿದರು. ಅಂಥವರಿಗೆ ಊರಿನ ಮಾತಿಗೆ ಕಿವಿ ಹೊಂದಿಸಿಕೊಳ್ಳುವುದೇ ಮೊದಲ ತಿಂಗಳುಗಳ ಕೆಲಸ. ನಿಮಗೆ ಕನ್ನಡದ ಜೊತೆ ಉರ್ದುವೋ ಲಂಬಾಣಿಯೋ ಬರುವುದಾದರೆ, ಯಾವ ಊರಿನಲ್ಲಿ ಯಾರೊಡನೆ ಯಾವ ಮಾತಿನಲ್ಲಿ ಕೆಲಸ ಮಾಡುತ್ತೀರಿ ಎಂದು ಅರ್ಜಿಯ ಮೊದಲ ಪ್ಯಾರಾದಲ್ಲಿಯೇ ಬರೆಯಿರಿ. ಅದೇ ವಿಷಯದಲ್ಲಿ ಕೆಲಸ ಮಾಡಿದ ಅಧ್ಯಾಪಕರೊಬ್ಬರು ಆ ವಿಭಾಗದಲ್ಲಿದ್ದಾರೆಯೇ ಎಂದು ನೋಡಿ, ಅರ್ಜಿಗಿಂತ ಮೊದಲೇ ಅವರಿಗೊಂದು ಇಮೇಲ್ ಕಳಿಸಿ. ಉತ್ತರ ಬಾರದಿದ್ದರೆ ಶುಲ್ಕ ಕಟ್ಟುವ ಮುನ್ನ ಇನ್ನೊಂದು ವಿಭಾಗವನ್ನು ಹುಡುಕಿ.