ಓದುಗರ ಪ್ರಶ್ನೆ: ವಿದೇಶಿ ಗಿರಾಕಿಯ ಹಣ ನಿಮ್ಮ ಖಾತೆಗೇ ಬರಲಿ

ಪ್ರಶ್ನೆ: ಹಸೆ ಚಿತ್ತಾರದ ನಮೂನೆಗಳನ್ನು ಕಸೂತಿಗೂ ಬಟ್ಟೆಯ ಮುದ್ರಣಕ್ಕೂ ಒದಗುವ ಡಿಜಿಟಲ್ ಫೈಲುಗಳಾಗಿ ಸಿದ್ಧಪಡಿಸಿ ಮಾರುತ್ತಿದ್ದೇನೆ. ಇಲ್ಲಿಯವರು ಯುಪಿಐ ಮೂಲಕ ಹಣ ಕೊಡುತ್ತಾರೆ. ಈಗ ಅಮೆರಿಕ, ಜರ್ಮನಿಗಳಿಂದಲೂ ಬೇಡಿಕೆ ಬಂದಿದ್ದು, ಫೈಲಿಗೆ 5 ಡಾಲರ್ ಇಡಬೇಕೆಂದಿದ್ದೇನೆ. ದೊಡ್ಡಪ್ಪನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಹಣವನ್ನು ಅವನ ಖಾತೆಗೆ ಹಾಕಿಸಿ ತಿಂಗಳಿಗೊಮ್ಮೆ ತರಿಸಿಕೊಂಡರೆ ಸಾಲದೇ? ಜಿಎಸ್‌ಟಿ ನೋಂದಣಿ ಬೇಕೇ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ದೊಡ್ಡಪ್ಪನ ಮಗನ ಖಾತೆಯ ಯೋಚನೆಯನ್ನು ದಯವಿಟ್ಟು ಕೈಬಿಡಿ. ವಿದೇಶದಿಂದ ಬರುವ ಹಣಕ್ಕೆ ಬ್ಯಾಂಕು ರಿಸರ್ವ್ ಬ್ಯಾಂಕಿನ ಪಟ್ಟಿಯಂತೆ ಹಣ ಯಾವ ಉದ್ದೇಶಕ್ಕೆ ಬಂತೆಂದು ತಿಳಿಸುವ ಒಂದು ಪರ್ಪಸ್ ಕೋಡ್ ನಮೂದಿಸುತ್ತದೆ. ಸಂಬಂಧಿಕರು ಕಳುಹಿಸಿದ್ದು ಸಾಮಾನ್ಯವಾಗಿ ಪಿ1301, ಅಂದರೆ ಕುಟುಂಬ ನಿರ್ವಹಣೆಯ ಲೆಕ್ಕಕ್ಕೆ ಹೋಗುತ್ತದೆ. ಅದು ನಿಮ್ಮ ಮಾರಾಟದ ಆದಾಯವೆಂದು ಮುಂದೆ ತೋರಿಸಲು ಕೈಯಲ್ಲಿ ಕಾಗದವಿರುವುದಿಲ್ಲ. ಅತ್ತ, ತನ್ನ ಖಾತೆಗೆ ಬಂದ ವ್ಯಾಪಾರದ ಹಣಕ್ಕೆ ಅಮೆರಿಕದ ತೆರಿಗೆ ಇಲಾಖೆಗೆ ಅವನು ಉತ್ತರ ಹೇಳಬೇಕಾಗಬಹುದು.

ಆನ್‌ಲೈನ್ ಪಾವತಿ ಸಂಸ್ಥೆಯಾದ ಪೇಪಾಲ್ ಒಂದು ದಾರಿ. ಭಾರತದೊಳಗಿನ ಪಾವತಿಗಳನ್ನು ಅದು 2021ರ ಏಪ್ರಿಲ್ 1ರಿಂದ ನಿಲ್ಲಿಸಿದೆಯಾದರೂ, ಪ್ಯಾನ್ ಮತ್ತು ಪರ್ಪಸ್ ಕೋಡ್ ಕೊಟ್ಟವರಿಗೆ ವಿದೇಶದ ಹಣವನ್ನು ರೂಪಾಯಿಗೆ ಬದಲಿಸಿ ಬ್ಯಾಂಕ್ ಖಾತೆಗೆ ಹಾಕುತ್ತದೆ. ಶುಲ್ಕದ ಹೊರತಾಗಿ ವಿನಿಮಯ ದರದಲ್ಲಿಯೂ ಅದಕ್ಕೊಂದು ಪಾಲಿದೆ ಎಂಬುದನ್ನು ಬೆಲೆ ಕಟ್ಟುವಾಗ ಮರೆಯಬೇಡಿ.

ಆದರೆ ನಿಮ್ಮ ಜರ್ಮನಿಯ ಗಿರಾಕಿಯೇ ನಿಜವಾದ ತೊಡಕು. 2015ರಿಂದ ಐರೋಪ್ಯ ಒಕ್ಕೂಟದಲ್ಲಿ ಡಿಜಿಟಲ್ ಸರಕಿನ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಅನ್ನು ಕೊಳ್ಳುವವರ ದೇಶದ ದರದಲ್ಲಿ ಕಟ್ಟಬೇಕು. ಜರ್ಮನಿಯಲ್ಲಿ ಅದು ಸಾಮಾನ್ಯವಾಗಿ ಶೇ 19. ಒಕ್ಕೂಟದ ಹೊರಗಿನ ಮಾರಾಟಗಾರರಿಗೆ ಕನಿಷ್ಠ ವಹಿವಾಟಿನ ವಿನಾಯಿತಿಯೂ ಇಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಕೈಕೊಡುವ ಊರಿನಲ್ಲಿ ಕುಳಿತು ಯುರೋಪಿನ ತೆರಿಗೆ ವಿವರ ಸಲ್ಲಿಸುವ ಪಾಡು ಯಾರಿಗೂ ಬೇಡ. ಆದ್ದರಿಂದ ಲೆಮನ್ ಸ್ಕ್ವೀಝಿ, ಅಥವಾ 2025ರ ಜನವರಿಯಿಂದ ಇದೇ ಪದ್ಧತಿಗೆ ಬಂದಿರುವ ಗಮ್‌ರೋಡ್‌ನಂತಹ ‘ಮರ್ಚೆಂಟ್ ಆಫ್ ರೆಕಾರ್ಡ್’ ಸಂಸ್ಥೆಯ ಮೂಲಕ ಮಾರುವುದು ನಿಮಗೆ ಒಳ್ಳೆಯದೆಂದು ನನ್ನ ಅಭಿಪ್ರಾಯ. ಇವು ಅಡಿಕೆ ಮಂಡಿಯವರಂತೆ ನಡುವೆ ನಿಂತು ದಲಾಲಿ ಪಡೆಯುವುದಷ್ಟೇ ಅಲ್ಲ. ಗಿರಾಕಿಯ ಮುಂದೆ ಕಾನೂನಿನ ಪ್ರಕಾರ ತಾವೇ ಮಾರಾಟಗಾರರಾಗಿ ನಿಂತು ಅಲ್ಲಿಯ ತೆರಿಗೆಯನ್ನು ವಸೂಲು ಮಾಡಿ ಕಟ್ಟಿ, ಉಳಿದದ್ದನ್ನು ನಿಮಗೆ ಕಳುಹಿಸುತ್ತವೆ. ಅಮೆರಿಕದ ಸಂಸ್ಥೆಯಾದರೆ ಡಬ್ಲ್ಯು-8ಬೆನ್ ಎಂಬ ನಮೂನೆಯನ್ನು ತುಂಬಲು ಹೇಳಬಹುದು. ಅಮೆರಿಕದ ನಿವಾಸಿಯಲ್ಲವೆಂದು ತಿಳಿಸುವ ಪತ್ರವದು, ಹೆದರಬೇಕಾಗಿಲ್ಲ.

ಈ ಸೇವೆ ಅಗ್ಗವಲ್ಲ. ಲೆಮನ್ ಸ್ಕ್ವೀಝಿಯ ಮೂಲ ಶುಲ್ಕ ಶೇ 5 ಮತ್ತು ಅದರ ಮೇಲೆ 50 ಸೆಂಟ್. ನಿಮ್ಮ 5 ಡಾಲರ್ ಫೈಲಿನಲ್ಲಿ ಅಲ್ಲಿಗೇ 75 ಸೆಂಟ್, ಅಂದರೆ ಶೇ 15 ಹೋಯಿತು. ಅದೇ ನಮೂನೆಗಳನ್ನು ಒಂದು ಕಟ್ಟಾಗಿಸಿ 20 ಡಾಲರಿಗೆ ಮಾರಿದರೆ ಹೋಗುವುದು ಒಂದೂವರೆ ಡಾಲರ್, ಶೇ 7.5 ಮಾತ್ರ. ಬಿಡಿ ಫೈಲನ್ನು ವಿದೇಶಕ್ಕೆ ಮಾರಲೇಬೇಡಿ ಎಂದೇ ಹೇಳುತ್ತೇನೆ.

ಕರ್ನಾಟಕದಲ್ಲಿ ಸೇವೆ ಒದಗಿಸುವವರ ಒಟ್ಟು ವಾರ್ಷಿಕ ವಹಿವಾಟು, ರಫ್ತನ್ನೂ ಸೇರಿಸಿ, 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ದಾಟಿದ ಮೇಲೆ ನೋಂದಾಯಿಸಿಕೊಂಡು, ಪ್ರತಿ ಹಣಕಾಸು ವರ್ಷವೂ ಆರ್‌ಎಫ್‌ಡಿ-11 ನಮೂನೆಯಲ್ಲಿ ಎಲ್‌ಯುಟಿ (ಲೆಟರ್ ಆಫ್ ಅಂಡರ್‌ಟೇಕಿಂಗ್) ಎಂಬ ಮುಚ್ಚಳಿಕೆ ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು. ಹಣ ವಿದೇಶಿ ವಿನಿಮಯದಲ್ಲಿ ಬಂದಿತೆಂಬ ಬ್ಯಾಂಕಿನ ದಾಖಲೆಯನ್ನು ಈಗಿನಿಂದಲೇ ಜೋಪಾನವಾಗಿಡಿ. ಆದಾಯ ತೆರಿಗೆಗೆ ಈ ಗಳಿಕೆಯನ್ನು ವ್ಯಾಪಾರದ ಆದಾಯವೆಂದು ತೋರಿಸಬೇಕು.

ಪ್ರಶ್ನೆ: ಫೈಲು ಇಳಿಸಿಕೊಂಡ ವಿದೇಶಿ ಗಿರಾಕಿ ಆಮೇಲೆ ಹಣ ವಾಪಸು ಕೇಳಿ ದೂರು ಕೊಟ್ಟರೆ ಏನು ಮಾಡುವುದು?
– ಮತ್ತೊಬ್ಬ ಓದುಗರು, ತೀರ್ಥಹಳ್ಳಿ

ಉತ್ತರ: ಪೇಪಾಲ್‌ನಲ್ಲಿ ಪಾವತಿಯಾದ 180 ದಿನಗಳವರೆಗೂ ಗಿರಾಕಿ ದೂರು ಕೊಡಬಹುದು. ಕೊರಿಯರ್ ರಸೀದಿ ಇಲ್ಲದ ಸರಕಾದ್ದರಿಂದ, ಫೈಲು ಇಳಿಸಿಕೊಂಡ ದಿನಾಂಕ ಮತ್ತು ಸಮಯದ ದಾಖಲೆ ಹಾಗೂ ಇಮೇಲ್ ಪತ್ರವ್ಯವಹಾರವೇ ನಿಮ್ಮ ಸಾಕ್ಷಿ, ಅವನ್ನು ಅಳಿಸಬೇಡಿ. ಮೊತ್ತ ಸಣ್ಣದಾಗಿದ್ದು ಗಿರಾಕಿ ನೇರವಾಗಿ ನಿಮ್ಮನ್ನೇ ಕೇಳಿದ್ದರೆ, ಅದು ದೂರಿನ ಹಂತಕ್ಕೆ ಹೋಗುವ ಮೊದಲೇ ಹಿಂದಿರುಗಿಸಿಬಿಡಿ, ಏಕೆಂದರೆ ಹಲವು ಪಾವತಿ ಸಂಸ್ಥೆಗಳು ವಿವಾದಕ್ಕೆಂದೇ ಪ್ರತ್ಯೇಕ ಶುಲ್ಕ ಹಿಡಿಯುತ್ತವೆ.