ಕಲ್ಲಾಗು ಅಂದರು, ಆದೆ

ಈ ವರ್ಷ ಇಂಥವರು ಮೂವರು ಆಪ್ತಸಮಾಲೋಚನೆಗೆಂದು ಬಂದು ನನ್ನೆದುರು ಕೂತು ಹೋಗಿದ್ದಾರೆ: ಓದಿಕೊಂಡವರು, ಸಜ್ಜನರು, ಮನೆಯವರು ಅತ್ತರೆ ಪದ್ಯದಲ್ಲಿ ಉತ್ತರ ಕೊಡುವವರು. ಅದಕ್ಕೇ ಒಬ್ಬರ ವಿಷಯ ಬರೆಯುತ್ತಿದ್ದೇನೆ. ಗುರುತು ಹತ್ತದಂತೆ ವಿವರ ಬದಲಿಸಿದ್ದೇನೆ, ದಂಪತಿಯ ಒಪ್ಪಿಗೆಯೂ ಇದೆ.

ಅವರು ನಿವೃತ್ತ ಮೇಷ್ಟ್ರು. ಡಿವಿಜಿಯವರ 'ಮಂಕುತಿಮ್ಮನ ಕಗ್ಗ'ದ 945 ಪದ್ಯಗಳಲ್ಲಿ ಮುನ್ನೂರಾದರೂ ಬಾಯಿಪಾಠ. ದೂರು ಅವರದೇ: "ಎಂಟು ತಿಂಗಳಿಂದ ಇವಳು ಮಾತಾಡ್ತಿಲ್ಲ. ಬಡಿಸ್ತಾಳೆ, ಅಷ್ಟೆ." ಮೊದಲ ಎರಡು ಭೇಟಿ ದಂಡವಾದವು. ನಾನೇನು ಕೇಳಿದರೂ ಅವರದೊಂದು ಪದ್ಯ, ಆಕೆಯ ದೃಷ್ಟಿ ಕಿಟಕಿಯ ಕಡೆ.

ಮೂರನೇ ಸಲ ಆಕೆ ತಾವಾಗಿಯೇ ಶುರು ಮಾಡಿದರು. "ತಂಗಿ ಹೋದಳು. ವೈಕುಂಠ ಸಮಾರಾಧನೆ ಮುಗಿಸಿ ಬಂದ ರಾತ್ರಿ ಅಡುಗೆಮನೇಲಿ ಅಳ್ತಾ ಕೂತಿದ್ದೆ. ಇವರು ಬಾಗಿಲಲ್ಲಿ ನಿಂತು 'ಕಲ್ಲಾಗು ಕಷ್ಟಗಳ ಮಳೆಯ ವಿಧಿ ಸುರಿಯೆ' ಅಂದರು. ಹಾಲ್‌ನ ಲೈಟ್ ಆರಿಸಿ ಮಲಗೋಕೆ ಹೋದರು. ಕಲ್ಲಾಗು ಅಂದರು, ಆದೆ."

"ಧೈರ್ಯ ಬರಲಿ ಅಂತ ಹೇಳಿದೆ," ಎಂದರು ಮೇಷ್ಟ್ರು. ಸುಳ್ಳಲ್ಲ, ನಂಬುತ್ತೇನೆ.

ಆಕೆ ಮೊದಲ ಬಾರಿ ಗಂಡನ ಕಡೆ ತಿರುಗಿದರು. "ಮುಂದಿನ ಸಾಲು ಹೇಳಿ."

"ಬೆಲ್ಲ ಸಕ್ಕರೆಯಾಗು ದೀನ..." ದನಿ ಅಲ್ಲಿಗೇ ನಿಂತಿತು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು. ಎಷ್ಟೋ ವರ್ಷ ತರಗತಿಯಲ್ಲಿ ಆ ಪದ್ಯಕ್ಕೆ ಅರ್ಥ ಹೇಳಿದ ಮನುಷ್ಯ! ನಾನು ಸುಮ್ಮನಿದ್ದೆ. ನನ್ನ ಕೆಲಸವನ್ನು ಆಕೆ ನನಗಿಂತ ಚೆನ್ನಾಗಿ ಮಾಡಿದ್ದರು.

ನಾನು ಕೊಟ್ಟ ಸಲಹೆ ಇಷ್ಟೇ. ಒಂದು ತಿಂಗಳು ಮನೆಯಲ್ಲಿ ಯಾರಿಗೂ ಪದ್ಯ ಹೇಳಕೂಡದು. ನಾಲಿಗೆ ತಡೆಯದಿದ್ದರೆ ಡೈರಿಯಲ್ಲಿ ಬರೆದು, ಪದ್ಯದ ಕೊನೆಗೆ 'ಮಂಕುತಿಮ್ಮ' ಇರುವ ಕಡೆ ತಮ್ಮ ಹೆಸರು ಹಾಕಿಕೊಂಡು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಬೇಕು.

"ಡಿವಿಜಿಗೇ ಬೀಗ ಹಾಕಿಸಿದ್ರಾ?" ಅಂತ ಸಹೋದ್ಯೋಗಿಯೊಬ್ಬರು ಕೆಣಕಿದರು. ಇಲ್ಲ ಸ್ವಾಮಿ, ಆ ಪುಸ್ತಕ ನನ್ನ ಮೇಜಿನ ಮೇಲೂ ಇದೆ. 1943ರಲ್ಲಿ ಅದನ್ನು ಹೊರತಂದವರು ಬುದ್ಧಿ ಹೇಳಿದ್ದು ಯಾರಿಗೆ? ತಮಗೇ ಮಂಕ ಎಂದು ಹೆಸರಿಟ್ಟುಕೊಂಡು, ತಮಗೇ. ನಾವು ಆ ಕೊನೆಯ ಪದ ನುಂಗಿ ಉಳಿದದ್ದನ್ನು ಎದುರಿನವರ ತಲೆಗೆ ಕಟ್ಟುತ್ತೇವೆ. ಬಸವಣ್ಣನ 'ನಿಮ್ಮ ನಿಮ್ಮ ಮನವ ಸಂತೈಸಿಕೊಳ್ಳಿ'ಯ ಗತಿಯೂ ಇದೇ. ಗೋಡೆಗೆ ಬರೆಸಿ ಪಕ್ಕದ ಮನೆಯವರಿಗೆ ತೋರಿಸುತ್ತೇವೆ. ದೂರುವುದಕ್ಕೆ ನನಗೂ ಹಕ್ಕಿಲ್ಲ ಬಿಡಿ. ಈ ವೃತ್ತಿಗೆ ಬಂದ ಹೊಸತರಲ್ಲಿ, ಪಿಯುಸಿ ಫೇಲಾಗಿ ಬಂದ ಹುಡುಗನಿಗೆ ಸರ್ವಜ್ಞನ ತ್ರಿಪದಿಯೊಂದನ್ನು ಒಪ್ಪಿಸಿದ್ದೆ. ನಗುತ್ತಾ ಎದ್ದುಹೋದ. ಮತ್ತೆ ಬರಲಿಲ್ಲ.

ತಿಂಗಳಾದ ಮೇಲೆ ಆಕೆ ಒಬ್ಬರೇ ಬಂದಿದ್ದರು. "ಮೊನ್ನೆ ತಂಗಿಯ ಸೀರೆ ತೆಗೆದು ಮಡಿಸ್ತಿದ್ದೆ. ಇವರು ಬಂದರು. ಬಾಯಿ ತೆರೆದರು, ಮುಚ್ಚಿದರು. ಸೀರೆಯ ಇನ್ನೊಂದು ತುದಿ ಹಿಡ್ಕೊಂಡು ನಿಂತರು. ಅವರಿಗೆ ಮಡಿಸೋಕೆ ಬರಲ್ಲ. ನಾಲ್ಕು ಸಲ ತಪ್ಪಿತು."