ಜನ ಪುಸ್ತಕದ ಅಂಗಡಿ ಬಿಟ್ಟು ಆನ್‌ಲೈನ್‌ಗೆ ಹೋಗಿದ್ದು ಬರೀ ರಿಯಾಯಿತಿಗಾಗಿಯೇ?

ರಿಯಾಯಿತಿಯೂ ಒಂದು ಕಾರಣ, ಆದರೆ ಅದೊಂದೇ ಅಲ್ಲ. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕನ್ನಡ ಪುಸ್ತಕ ಕೇಳಿದರೆ ಕಂಪ್ಯೂಟರ್ ಕೂಡ ನೋಡದೆ "ಸ್ಟಾಕ್ ಇಲ್ಲ" ಅಂದುಬಿಡುತ್ತಾರೆ. ತರಿಸಿಕೊಡ್ತೀರಾ ಅಂದರೆ ನಂಬರ್ ಬರೆದುಕೊಳ್ಳುತ್ತಾರೆ, ಫೋನ್ ಮಾತ್ರ ಬರುವುದಿಲ್ಲ. ಸುಮ್ನೆ ಪುಟ ತಿರುಗಿಸುತ್ತಾ ನಿಂತರೆ ಬೆನ್ನ ಹಿಂದೆ ಒಬ್ಬರು ಕಾವಲು!

ಫ್ಲಿಪ್‌ಕಾರ್ಟ್ 2007ರಲ್ಲಿ ಇದೇ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತಾ ಶುರುವಾಯಿತು. 2010ರಲ್ಲಿ, ಪುಸ್ತಕ ಕೈಗೆ ಬಂದ ಮೇಲೆ ದುಡ್ಡು ಕೊಡುವ ವ್ಯವಸ್ಥೆ ತಂದಿತು. ಕಾರ್ಡ್ ಇಲ್ಲದವರಿಗೂ ಧೈರ್ಯ ಬಂತು. ಪುಸ್ತಕ ಇದೆಯೋ ಇಲ್ಲವೋ, ಯಾವತ್ತು ಬರುತ್ತದೆ ಅನ್ನೋದು ಮೊದಲೇ ತಿಳಿಯುತ್ತದಲ್ವಾ, ನನ್ನ ಪ್ರಕಾರ ಜಾಸ್ತಿ ಜನರನ್ನು ಎಳೆದದ್ದು ಅದೇ.

ಎಲ್ಲ ಅಂಗಡಿಗಳೂ ಸೊರಗಿಲ್ಲ. ಚರ್ಚ್ ಸ್ಟ್ರೀಟ್‌ನ ಬ್ಲಾಸಮ್‌ನಲ್ಲಿ ಹಳೇ ಪುಸ್ತಕ ಹುಡುಕಲು ಈಗಲೂ ಜನ ಬರುತ್ತಾರೆ.